ಗೆರೆ ಇಳಿಸಿದರೆ ಕಲಿಕೆ ಏರೀತೆ?

(ಪೋಷಕರ ಹಾಗೂ ಉಪಾಧ್ಯಾಯರ ಸಭೆಯಲ್ಲಿ ಮಾಡಿದ ಭಾಷಣ)



ಎಸ್.ಎಸ್.ಎಲ್.ಸಿ. ತೇರ್ಗಡೆಗೆ ಬೇಕಾದ ಅಂಕಗಳನ್ನು ಶೇಕಡ 35ರಿಂದ 33ಕ್ಕೆ ಇಳಿಸುವುದಾಗಿ ನಮ್ಮ ರಾಜ್ಯ ಸರ್ಕಾರ 2025ರ ಅಕ್ಟೋಬರಿನಲ್ಲಿ ಸಾರಿತು. ಆಗ ಕೊಟ್ಟ ಲೆಕ್ಕ ಇದು: ಒಟ್ಟು 625ರಲ್ಲಿ 206 ಅಂಕ ಬಂದರೆ ಸಾಕು, ಆದರೆ ಯಾವ ವಿಷಯದಲ್ಲೂ ಶೇಕಡ 30ಕ್ಕೆ ಕಡಿಮೆಯಾಗಕೂಡದು. ಹಿಂದೆ 219 ಬೇಕಿತ್ತು. ಅಂದರೆ ಸಿಕ್ಕ ರಿಯಾಯಿತಿ 13 ಅಂಕ. ಸಿ.ಬಿ.ಎಸ್.ಇ. ಮಂಡಳಿಯಲ್ಲಿ 33 ಇರುವಾಗ ನಮ್ಮ ಮಕ್ಕಳಿಗೇಕೆ ಹೆಚ್ಚಿನ ಹೊರೆ ಎಂಬುದು ಸರ್ಕಾರದ ವಾದ.

ಈ ಸುದ್ದಿ ಕೇಳಿ ವಿದ್ಯೆಯ ಮಟ್ಟವೇ ಮುಳುಗಿತೆಂದು ಹಣೆ ಚಚ್ಚಿಕೊಂಡವರುಂಟು. ನಾನು ಅವರ ಸಾಲಿನಲ್ಲಿ ನಿಲ್ಲಲಾರೆ. ಉಳ್ಳವರ ಮಗ ನಪಾಸಾದರೆ ಅವನಿಗೆ ಮನೆಪಾಠವಿದೆ, ಮತ್ತೊಂದು ಪರೀಕ್ಷೆಯಿದೆ. ಕೂಲಿಯವನ ಮಗಳು ನಪಾಸಾದರೆ ಅವಳಿಗೆ ಉಳಿಯುವುದು ಮದುವೆಯ ಮಾತು, ಇಲ್ಲವೆ ಹೊಲದ ಕೂಲಿ. ಹದಿಮೂರು ಅಂಕ ಅಂಥವಳೊಬ್ಬಳಿಗೆ ಮುಂದಿನ ಬಾಗಿಲು ತೆರೆದರೆ ಬೇಡವೆನ್ನಲು ನಾನು ಯಾರು?

ಆದರೆ ಸರ್ಕಾರವನ್ನು ಒಂದು ಪ್ರಶ್ನೆ ಕೇಳಲೇಬೇಕು. ಗೆರೆಯನ್ನು ಇಳಿಸಿದಿರಿ, ಸರಿ. ಮಗುವನ್ನು ಎಷ್ಟು ಮೇಲೆತ್ತಿದಿರಿ?

ಅಂಕಿ ಅಂಶ ನೋಡೋಣ. 2023ರಲ್ಲಿ ಶೇಕಡ 83.89 ಮಂದಿ ತೇರ್ಗಡೆಯಾದರು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ನಕಲು ನಿಂತಿತು, ಫಲಿತಾಂಶ ಕುಸಿಯಿತು. ಆಗ ಸರ್ಕಾರ ಕೃಪಾಂಕವನ್ನು ಶೇಕಡ 10ರಿಂದ 20ಕ್ಕೆ ಏರಿಸಿ ಶೇಕಡ 73.40 ಎಂದು ಪ್ರಕಟಿಸಿತು. 2025ರಲ್ಲಿ ಆ ಕೃಪಾಂಕವೂ ಹೋಯಿತು. ಮೊದಲ ಪರೀಕ್ಷೆಯಲ್ಲಿ ತೇರ್ಗಡೆಯಾದವರು ಶೇಕಡ 62.34. ಅದೇ ವರ್ಷ ಗೆರೆ ಇಳಿಸುವ ಮಾತು ಬಂತು. ನಕಲು ನಿಲ್ಲಿಸಿದ್ದು ಒಳ್ಳೆಯ ಕೆಲಸ. ಆದರೆ ಕನ್ನಡಿ ಒರೆಸಿದ ಮೇಲೆ ಕಂಡ ಮುಖವನ್ನು ತೊಳೆಯಬೇಕೇ ಹೊರತು ಕನ್ನಡಿಗೆ ಬಟ್ಟೆ ಮುಚ್ಚಬಾರದು.

ಆ 62.34ರ ಒಳಗೇನಿದೆ ನೋಡಿ. ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಶೇಕಡ 91.12, ಕಲಬುರಗಿಯಲ್ಲಿ ಶೇಕಡ 42.43. ಒಂದೇ ಪ್ರಶ್ನೆಪತ್ರಿಕೆ, ಒಂದೇ ಪಠ್ಯಪುಸ್ತಕ, ಒಂದೇ ಸರ್ಕಾರ. ಕಲಬುರಗಿಯ ಮಗು ದಡ್ಡ ಮಗುವೇ? ಸುಗ್ಗಿ ಮುಗಿದೊಡನೆ ತಂದೆತಾಯಿಯ ಜೊತೆ ಗುಳೆ ಹೋಗುವ ಮಗು ಅದು. ಖಾಯಂ ಉಪಾಧ್ಯಾಯರ ಹುದ್ದೆ ಖಾಲಿ ಬಿದ್ದಲ್ಲಿ ಅತಿಥಿ ಶಿಕ್ಷಕರ ಕೈಯಲ್ಲಿ ಕಲಿಯುವ ಮಗು ಅದು. ಹಿಂದುಳಿದ ಆ ಪ್ರದೇಶಕ್ಕೆಂದೇ ಸಂವಿಧಾನದಲ್ಲಿ 371(ಜೆ) ವಿಧಿ ಸೇರಿ ಹತ್ತು ವರ್ಷಗಳ ಮೇಲಾಯಿತು. ಎರಡು ಜಿಲ್ಲೆಗಳ ನಡುವೆ ಶೇಕಡ 49ರಷ್ಟು ಕಂದಕವಿರುವಾಗ ಶೇಕಡ ಎರಡರ ಹಲಗೆ ಹಾಕಿ ದಾಟಿಸುತ್ತೇವೆಂದರೆ ನಂಬುವುದು ಹೇಗೆ?

ಮಿತ್ರರೆ, ನಾನು ಹಲವು ವರ್ಷ ಸೀಮೆಸುಣ್ಣ ಹಿಡಿದವನು. ಹತ್ತನೆಯ ತರಗತಿಯಲ್ಲಿ ಭಿನ್ನರಾಶಿಗೆ ತಡವರಿಸುವ ಹುಡುಗ ಸೋತದ್ದು ಹತ್ತರಲ್ಲಲ್ಲ, ನಾಲ್ಕರಲ್ಲಿ, ಐದರಲ್ಲಿ. ಅವನಿಗೆ ತೇರ್ಗಡೆಯ ಪತ್ರ ಕೊಟ್ಟರೆ ಭಿನ್ನರಾಶಿ ಬಂದುಬಿಡುವುದಿಲ್ಲ. ಅವನು ಪಿ.ಯು. ಕಾಲೇಜಿಗೆ ಹೋಗಿ ಅಲ್ಲಿ ಸೋಲುತ್ತಾನೆ, ಇಲ್ಲವೆ ಕೆಲಸ ಕೇಳಹೋದ ಕಡೆ ಸೋಲುತ್ತಾನೆ. ಆಗ ಸರ್ಕಾರ, "ನಾವು ಪಾಸು ಮಾಡಿದ್ದೆವಲ್ಲ" ಎಂದು ಕೈ ತೊಳೆದುಕೊಳ್ಳುತ್ತದೆ. ನಪಾಸಾದವನ ತಂದೆಗೆ ಸರ್ಕಾರವನ್ನು ಕೇಳುವ ಒಂದು ಮಾತಾದರೂ ಇರುತ್ತದೆ; ಕಲಿಯದೆ ಪಾಸಾದವನ ತಂದೆಗೆ ಆ ಮಾತೂ ಇಲ್ಲ. ಬಡವನಿಂದ ಕಸಿದುಕೊಂಡದ್ದು ಇದನ್ನೇ.

ಆದ್ದರಿಂದ ನಮ್ಮ ಬೇಡಿಕೆ 35 ಬೇಕು, 33 ಬೇಡ ಎಂಬುದಲ್ಲ. ಖಾಲಿ ಹುದ್ದೆಗಳನ್ನು ಖಾಯಂ ಉಪಾಧ್ಯಾಯರಿಂದ ತುಂಬಲಿ, ಹಿಂದುಳಿದ ಜಿಲ್ಲೆಗಳಲ್ಲಿ ಮೊದಲು. ಗುಳೆ ಹೋಗುವವರ ಮಕ್ಕಳು ಊರಲ್ಲೇ ಉಳಿದು ಓದಲು ವಸತಿ ಶಾಲೆಗಳು ಹೆಚ್ಚಲಿ. ಓದು, ಬರಹ, ಲೆಕ್ಕದಲ್ಲಿ ಹಿಂದುಳಿದವರನ್ನು ನಾಲ್ಕನೆಯ ತರಗತಿಯಲ್ಲೇ ಗುರುತಿಸಿ ಬೇರೆ ಪಾಠ ನಡೆಸಲಿ. ರಾಷ್ಟ್ರೀಯ ಆದಾಯದ ಶೇಕಡ 6ರಷ್ಟನ್ನು ಶಿಕ್ಷಣಕ್ಕೆ ಮೀಸಲಿಡಬೇಕೆಂದು ಕೊಠಾರಿ ಆಯೋಗ 1966ರಲ್ಲೇ ಹೇಳಿತು; ದೇಶ ಆ ಗುರಿಯನ್ನು ಇನ್ನೂ ಮುಟ್ಟಿಲ್ಲ. ಆ ಪರೀಕ್ಷೆಯಲ್ಲಿ ಸರ್ಕಾರಗಳು ಇಷ್ಟು ವರ್ಷ ನಪಾಸಾಗಿವೆ, ಅವಕ್ಕೆ ಕೃಪಾಂಕ ಕೊಡುವವರು ನಾವೇ.

ಮುಂದಿನ ಸಲ ಮತ ಕೇಳಲು ಬಂದವರನ್ನು ಎಷ್ಟು ಮಕ್ಕಳು ಪಾಸಾದರೆಂದು ಕೇಳಬೇಡಿ. ನಮ್ಮೂರ ಶಾಲೆಯಲ್ಲಿ ಗಣಿತದ ಮೇಷ್ಟ್ರು ಇದ್ದಾರೆಯೇ ಎಂದು ಕೇಳಿ.