ಬೆನ್ನಟ್ಟದೆ ಹಿಡಿಯುವುದು

1928ರಲ್ಲಿ ಅಮೆರಿಕದ ಡೆಟ್ರಾಯಿಟ್ ಪೊಲೀಸರು ತಮ್ಮ ಗಸ್ತು ಕಾರುಗಳಲ್ಲಿ ರೇಡಿಯೋ ಅಳವಡಿಸಿದರು. ಠಾಣೆಯ ಮಾತು ಕಾರಿಗೆ ಕೇಳಿಸುತ್ತಿತ್ತು, ಕಾರಿನವರು ಮರುಮಾತಾಡುವಂತಿರಲಿಲ್ಲ. 1933ರಲ್ಲಿ ನ್ಯೂಜೆರ್ಸಿಯ ಬೇಯೋನ್ ಊರಿನಲ್ಲಿ ಆ ಕೊರತೆಯೂ ನೀಗಿತು. ಕಳ್ಳನ ಕಾರು ಎಷ್ಟೇ ಜೋರಾಗಿ ಓಡಲಿ, ರೇಡಿಯೋ ಸುದ್ದಿ ಅದಕ್ಕಿಂತ ಮೊದಲೇ ಮುಂದಿನ ಊರು ಮುಟ್ಟುತ್ತದೆ. ಬೆನ್ನಟ್ಟುವ ಪದ್ಧತಿ ಆಗಲೇ ಕ್ಷೀಣಿಸಬೇಕಿತ್ತು. ಹಾಗಾಗಲಿಲ್ಲ, ಇನ್ನೂ ನಾಲ್ಕು ಗಸ್ತು ಕಾರುಗಳನ್ನು ಓಟಕ್ಕೆ ಕರೆಯಲು ರೇಡಿಯೋ ನೆರವಾಯಿತು. ಓಡುತ್ತಿರುವವನು ಎಲ್ಲಿದ್ದಾನೆಂದು ಹೇಳಬೇಕಾದರೆ ಯಾರಾದರೊಬ್ಬರು ಅವನನ್ನು ಕಣ್ಣಳತೆಯಲ್ಲಿ ಇಟ್ಟುಕೊಂಡಿರಲೇಬೇಕಿತ್ತು. ಈ ಒಂದು ಅನಿವಾರ್ಯತೆಗಾಗಿಯೇ ಪೊಲೀಸರು ಜನನಿಬಿಡ ಬೀದಿಗಳಲ್ಲಿ ಪ್ರಾಣಾಂತಿಕ ವೇಗದಲ್ಲಿ ಓಡಿದ್ದಾರೆ. ಆ ಅನಿವಾರ್ಯತೆ ಈಗ ಬಹುಪಾಲು ಮುಗಿದಿದೆ ಎಂಬುದು ನನ್ನ ವಾದ.

ಅದಕ್ಕೆ ತೆತ್ತ ಬೆಲೆಯನ್ನು ಅಮೆರಿಕ ಸರ್ಕಾರವೇ ಲೆಕ್ಕ ಹಾಕಿದೆ. ಅಲ್ಲಿನ ನ್ಯಾಯ ಇಲಾಖೆಯ ಅಂಕಿಅಂಶ ವಿಭಾಗದ ಪ್ರಕಾರ 1996ರಿಂದ 2015ರವರೆಗೆ ಬೆನ್ನಟ್ಟುವಿಕೆಯಿಂದಾದ ಅಪಘಾತಗಳಲ್ಲಿ ಸತ್ತವರು 7,000ಕ್ಕೂ ಹೆಚ್ಚು; ಸರಾಸರಿ ದಿನಕ್ಕೆ ಸುಮಾರು ಒಬ್ಬರು. ಸತ್ತವರಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಓಡಿಹೋಗುತ್ತಿದ್ದ ಕಾರಿನಲ್ಲಿ ಇದ್ದವರೇ ಅಲ್ಲ. ಎದುರಿನಿಂದ ಬರುತ್ತಿದ್ದವರು, ಅಡ್ಡರಸ್ತೆ ದಾಟುತ್ತಿದ್ದವರು, ಯಾವ ತಪ್ಪನ್ನೂ ಮಾಡದವರು. 2001ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ ಗಂಟೆಗೆ 55 ಮೈಲಿ ಮಿತಿಯ ರಸ್ತೆಯಲ್ಲಿ 73ರ ವೇಗದಲ್ಲಿ ಹೋದ 19 ವರ್ಷದ ಹುಡುಗನನ್ನು ಪೊಲೀಸರು ಬೆನ್ನಟ್ಟಿದರು. ಕೊನೆಗೆ ಅಧಿಕಾರಿಯೊಬ್ಬರು ಅವನ ಕಾರಿಗೆ ಹಿಂದಿನಿಂದ ಗುದ್ದಿದರು. ಕಾರು ಉರುಳಿ ಅವನ ಕೈಕಾಲು ಶಾಶ್ವತವಾಗಿ ಸ್ವಾಧೀನ ತಪ್ಪಿದವು. 2007ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಎಂಟಕ್ಕೆ ಒಂದರ ಬಹುಮತದಲ್ಲಿ ಪೊಲೀಸರ ಕ್ರಮವನ್ನು ಎತ್ತಿಹಿಡಿಯಿತು. ಭಿನ್ನಮತ ಬರೆದ ನ್ಯಾಯಮೂರ್ತಿ ಸ್ಟೀವನ್ಸ್ ಎತ್ತಿದ ಅಂಶ ಸರಳವಾದದ್ದು: ಕಾರಿನ ನಂಬರು ಪೊಲೀಸರ ಕೈಯಲ್ಲೇ ಇತ್ತು, ಆಮೇಲೆ ಹಿಡಿಯಬಹುದಿತ್ತು.

ಆದರೆ ನಂಬರು ಸುಳ್ಳಿರಬಹುದು, ಕಾರೇ ಕದ್ದದ್ದಿರಬಹುದು. ಆ ತೊಡಕಿಗೆ ಉತ್ತರ ಹಂತಹಂತವಾಗಿ ಬಂತು. 1986ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಆರಂಭವಾದ ಲೋಜ್ಯಾಕ್, ಕಾರಿನೊಳಗೆ ಅಡಗಿಸಿಟ್ಟ ಪುಟ್ಟ ಪ್ರೇಷಕ. ಮಾಲೀಕ ಕಳವಿನ ದೂರು ಕೊಟ್ಟ ಮೇಲೆ ಅದು ಎಚ್ಚೆತ್ತು ಸಂಕೇತ ಕಳಿಸುತ್ತದೆ. 2009ರಲ್ಲಿ ಕ್ಯಾಲಿಫೋರ್ನಿಯಾದ ವಿಸೇಲಿಯಾದಲ್ಲಿ ಕದ್ದ ಕಾರೊಂದರ ವೇಗವನ್ನು ಜನರಲ್ ಮೋಟಾರ್ಸ್‌ನ ಆನ್‌ಸ್ಟಾರ್ ಸೇವೆ ದೂರದಿಂದಲೇ ತಗ್ಗಿಸಿತು. ಇವೆರಡಕ್ಕೂ ಉಪಕರಣ ಮೊದಲೇ ಕಾರಿನಲ್ಲಿ ಇರಬೇಕು. ಆ ಮಿತಿಯನ್ನು ಮೀರಿದ್ದು ಸ್ಟಾರ್‌ಚೇಸ್. ಲಾಸ್ ಏಂಜಲೀಸ್ ಪೊಲೀಸರು ಅದನ್ನು ಪರೀಕ್ಷಿಸುವುದಾಗಿ 2006ರಲ್ಲಿ ಪ್ರಕಟಿಸಿದ್ದರು. ಪೊಲೀಸ್ ಕಾರಿನ ಮುಂಭಾಗದಿಂದ ಒತ್ತಡದ ಗಾಳಿ ಅಂಟುಳ್ಳ ಜಿಪಿಎಸ್ ಗುಂಡನ್ನು ಚಿಮ್ಮಿಸುತ್ತದೆ. ಅದು ಮುಂದಿನ ಕಾರಿಗೆ ಕಚ್ಚಿಕೊಂಡು ಕಾರು ಎಲ್ಲಿದೆಯೆಂದು ತಿಳಿಸುತ್ತಿರುತ್ತದೆ. ಆಮೇಲೆ ಪೊಲೀಸರು ಸೈರನ್ ಆರಿಸಿ ಹಿಂದೆ ಸರಿಯಬಹುದು. ಹಿಂದೆ ಯಾರೂ ಕಾಣದಿದ್ದಾಗ ಓಡುವವನು ಸಾಮಾನ್ಯವಾಗಿ ವೇಗ ಇಳಿಸುತ್ತಾನೆ, ಎಲ್ಲೋ ನಿಲ್ಲುತ್ತಾನೆ. ಇಡೀ ವಿಧಾನ ನಿಂತಿರುವುದು ಮನುಷ್ಯಸ್ವಭಾವದ ಈ ತಿಳಿವಳಿಕೆಯ ಮೇಲೆ. ಗುಂಡು ಗುರಿ ತಪ್ಪುವುದುಂಟು, ಅಂಟದೆ ಬೀಳುವುದುಂಟು, ಹತ್ತಿರ ಹೋಗದೆ ಹಾರಿಸುವಂತಿಲ್ಲ. ಆದರೂ ಹಲವು ಮೈಲಿಗಳ ಓಟ ಕೆಲವೇ ಕ್ಷಣಗಳ ಸಾಮೀಪ್ಯಕ್ಕೆ ಇಳಿದರೆ ಅಷ್ಟು ಬೀದಿಗಳ ಜನ ಬದುಕಿದಂತೆ.

ಬೆನ್ನಟ್ಟುವುದಿಲ್ಲವೆಂದು ಗೊತ್ತಾದರೆ ಎಲ್ಲರೂ ಓಡಲು ಕಲಿಯುತ್ತಾರೆ ಎಂಬುದು ಗಟ್ಟಿಯಾದ ಆಕ್ಷೇಪ. ಜಾರ್ಜಿಯಾದ ಅದೇ ಪ್ರಕರಣದಲ್ಲಿ ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಸ್ಕಾಲಿಯಾ ಇದನ್ನೇ ಹೇಳಿದ್ದರು. ಅಮೆರಿಕದ ಮಿಲ್ವಾಕಿ ನಗರ 2010ರಲ್ಲಿ ಬಿಗಿಗೊಳಿಸಿದ ಬೆನ್ನಟ್ಟುವಿಕೆಯ ನಿಯಮವನ್ನು 2017ರಲ್ಲಿ ಸಡಿಲಿಸಿದ್ದೂ ನಿಜ. ಬಿಟ್ಟುಬಿಟ್ಟರೆ ಸಾಕು ಎಂದು ನಾನೂ ಹೇಳುವುದಿಲ್ಲ. ಓಡುವವನಿಗೆ ಧೈರ್ಯ ಬರುವುದು ಸಿಕ್ಕಿಬೀಳುವುದಿಲ್ಲ ಎಂಬ ನಂಬಿಕೆಯಿಂದ. ಒಂದು ಗಂಟೆಯ ನಂತರ ಅವನು ಕಾರು ನಿಲ್ಲಿಸಿದ ಜಾಗಕ್ಕೇ ಪೊಲೀಸರು ಬರುವಂತಿದ್ದರೆ ಆ ನಂಬಿಕೆಗೆ ಆಧಾರವೇ ಇಲ್ಲ. ಬೆನ್ನಟ್ಟುವಿಕೆಗಾದರೂ ಅಂಥ ಖಾತರಿ ಎಲ್ಲಿದೆ? ಎಷ್ಟೋ ಓಟಗಳು ಆರೋಪಿ ತಪ್ಪಿಸಿಕೊಳ್ಳುವುದರಲ್ಲೇ ಮುಗಿಯುತ್ತವೆ. ಕಣ್ಣೆದುರೇ ಕೊಲೆಗೆ ಹೊರಟವನನ್ನು ಬೆನ್ನಟ್ಟಲೇಬೇಕಾಗಬಹುದು. ಸಿಗ್ನಲ್ ಹಾರಿದವನಿಗಾಗಿ ಆ ಅಪಾಯ ಬೇಡ.

ಇನ್ನೊಂದು ಭಯ, ಗೂಢಚರ್ಯೆಯದು. ಅಮೆರಿಕದಲ್ಲಿ ತನಿಖಾಧಿಕಾರಿಗಳು ಊರ್ಜಿತ ವಾರಂಟ್ ಇಲ್ಲದೆ ಒಬ್ಬನ ಜೀಪಿಗೆ ಜಿಪಿಎಸ್ ಅಂಟಿಸಿ 28 ದಿನ ಜಾಡು ಹಿಡಿದಿದ್ದರು. ಅದೂ ಸಂವಿಧಾನದ ಅರ್ಥದಲ್ಲಿ ಶೋಧನೆಯೇ ಎಂದು 2012ರ ಜೋನ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಹೇಳಿತು. ಈ ಎಚ್ಚರ ನನಗೆ ಅತ್ಯಗತ್ಯವೆನಿಸುತ್ತದೆ. ನಿಲ್ಲೆಂದರೂ ನಿಲ್ಲದೆ ಓಡುತ್ತಿರುವವನ ಕಾರಿಗೆ ಎಲ್ಲರೆದುರು ಅಂಟಿಸಿ, ಅವನು ಸಿಕ್ಕ ಕೂಡಲೇ ತೆಗೆಯುವುದಕ್ಕೂ, ಅನುಮಾನ ಬಂದವನ ದಿನಚರಿಯನ್ನು ತಿಂಗಳುಗಟ್ಟಲೆ ಗುಟ್ಟಾಗಿ ದಾಖಲಿಸುವುದಕ್ಕೂ ಇರುವ ಅಂತರವನ್ನು ಕಾನೂನು ಬರಹದಲ್ಲಿ ಕಾಯಬೇಕು. ನಮ್ಮಲ್ಲಿ ಈ ಮಾತಿಗೆ ತುರ್ತು ಇದೆ. 2019ರಿಂದ ಹೊಸ ಬಸ್ಸು, ಟ್ಯಾಕ್ಸಿಗಳಿಗೆ ಸ್ಥಳ ತಿಳಿಸುವ ಸಾಧನ ಮತ್ತು ತುರ್ತು ಗುಂಡಿ ಕಡ್ಡಾಯ. ಅದು ಪ್ರಯಾಣಿಕರ ರಕ್ಷಣೆಗೆಂದು ಬಂದದ್ದು, ಗೂಢಚರ್ಯೆಗಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂಬ ನಮ್ಮ ಸುಪ್ರೀಂ ಕೋರ್ಟಿನ 2017ರ ತೀರ್ಪಿಗೆ ಕಾರಣವಾದ ಅರ್ಜಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರದು. ಆ ತೀರ್ಪಿನ ಪ್ರಕಾರ ಈ ಹಕ್ಕಿಗೆ ಕೈಹಾಕಲು ಕಾನೂನಿನ ಆಧಾರ, ನ್ಯಾಯಬದ್ಧ ಉದ್ದೇಶ, ಉದ್ದೇಶಕ್ಕೆ ತಕ್ಕಷ್ಟೇ ಕ್ರಮ, ಮೂರೂ ಬೇಕು. ಓಡುವ ಕಾರಿಗೆ ಅಂಟಿಸುವ ಸಾಧನ ಈ ಮೂರನ್ನೂ ದಾಟಬಲ್ಲದು. ಆದರೆ ಯಾವ ಅಪರಾಧಕ್ಕೆ, ಎಷ್ಟು ಹೊತ್ತು, ದಾಖಲೆ ಅಳಿಸುವುದು ಯಾವಾಗ ಎಂಬುದನ್ನು ಸಾಧನ ಕೊಳ್ಳುವ ಮೊದಲೇ ಬರೆದಿಡಬೇಕು.