ಕಾಸರವಳ್ಳಿಯವರ ಚಿತ್ರಗಳು ನನಗೆ ಕಲಿಸಿದ್ದು



ನಾನು ಹುಡುಗನಾಗಿದ್ದಾಗ ನಮ್ಮ ಮಾನ್ವಿಯ ಕಡೆಗೆ ಟೂರಿಂಗ್ ಟಾಕೀಸಿನ ಡೇರೆ ಬರುತ್ತಿತ್ತು. ನೆಲದ ಮೇಲೆ ಕುಳಿತು, ನಾಯಕ ಗೆದ್ದಾಗ ಚಪ್ಪಾಳೆ ತಟ್ಟಿ, ತಾಯಿ ಅತ್ತಾಗ ಅತ್ತು, ಮನೆಗೆ ಬಂದು ನಿದ್ದೆ ಮಾಡುತ್ತಿದ್ದೆವು. ಚಿತ್ರದ ದುಃಖ ಡೇರೆಯಲ್ಲೇ ಉಳಿಯುತ್ತಿತ್ತು. ಆ ದುಃಖವನ್ನು ಮನೆಯವರೆಗೂ ಹೊತ್ತು ತರುವಂತೆ ಮಾಡುವ ಚಿತ್ರಗಳೂ ಉಂಟೆಂಬುದು ನನಗೆ ತಿಳಿದದ್ದು ನಡುವಯಸ್ಸಿನಲ್ಲಿ, ಶ್ರೀ ಗಿರೀಶ ಕಾಸರವಳ್ಳಿಯವರಿಂದ.

ಕಾಸರವಳ್ಳಿಯವರು ಹುಟ್ಟಿದ್ದು 1950ರಲ್ಲಿ, ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನಲ್ಲಿ. ಅವರು ಮೊದಲು ಸಿನಿಮಾ ಕಂಡದ್ದೂ ಇಂಥ ಡೇರೆಯಲ್ಲಿಯೇ. ಹೆಗ್ಗೋಡಿನ ಕೆ.ವಿ. ಸುಬ್ಬಣ್ಣನವರು ಅವರ ಸೋದರಮಾವ. ಮಣಿಪಾಲದಲ್ಲಿ ಔಷಧಶಾಸ್ತ್ರ ಓದಿದ ಮೇಲೆ ಆ ವೃತ್ತಿಯನ್ನು ಬಿಟ್ಟು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿದರು. ಅಲ್ಲಿ ವಿದ್ಯಾರ್ಥಿಯಾಗಿ 1975ರಲ್ಲಿ ಮಾಡಿದ 'ಅವಶೇಷ' ಎಂಬ ಕಿರುಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು.

ಇಂಥ ಚಿತ್ರಗಳನ್ನು ನಾವು 'ಹೊಸ ಅಲೆ'ಯವು ಎಂದು ಕರೆದೆವು. ಆ ಮಾತು ಫ್ರಾನ್ಸಿನಿಂದ ಬಂದದ್ದು. 1959ರಲ್ಲಿ ಫ್ರಾನ್ಸ್ವಾ ತ್ರೂಫೋ ಎಂಬ ಇಪ್ಪತ್ತೇಳರ ತರುಣ, ತನ್ನ ಅನಾದರದ ಬಾಲ್ಯವನ್ನೇ ನೆನೆದು 'ದಿ ಫೋರ್ ಹಂಡ್ರೆಡ್ ಬ್ಲೋಸ್' ಎಂಬ ಚಿತ್ರ ಮಾಡಿದ. ಕಾನ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಿರ್ದೇಶಕನೆನಿಸಿದ. ಬಾಲಾಪರಾಧಿಗಳ ಶಾಲೆಯಿಂದ ತಪ್ಪಿಸಿಕೊಂಡ ಹುಡುಗ ಕಡಲಿನವರೆಗೆ ಓಡಿ, ತಿರುಗಿ ನಮ್ಮತ್ತ ನೋಡುತ್ತಾನೆ. ಅಲ್ಲಿಗೆ ಚಿತ್ರ ನಿಂತುಬಿಡುತ್ತದೆ.

ಹೆಚ್ಚುಕಡಿಮೆ ಅದೇ ವಯಸ್ಸಿನಲ್ಲಿ, 1977ರಲ್ಲಿ, ಕಾಸರವಳ್ಳಿಯವರು 'ಘಟಶ್ರಾದ್ಧ' ಮಾಡಿದರು. ಯು.ಆರ್. ಅನಂತಮೂರ್ತಿಯವರ ಕಥೆ. ಅಲ್ಲಿಯೂ ಒಬ್ಬ ಹುಡುಗನ ಕಣ್ಣಿದೆ. ವೇದ ಕಲಿಯಲು ಬಂದ ನಾಣಿ, ತನ್ನನ್ನು ಅಕ್ಕರೆಯಿಂದ ಕಂಡ ವಿಧವೆ ಯಮುನೆಗೆ ಬದುಕಿರುವಾಗಲೇ ಶ್ರಾದ್ಧವಾಗುವುದಕ್ಕೆ ಸಾಕ್ಷಿಯಾಗುತ್ತಾನೆ. ತಲೆ ಬೋಳಿಸಿಕೊಂಡು ಮರದಡಿ ಕುಳಿತ ಅವಳನ್ನು ಬಿಟ್ಟು, ತಂದೆಯೊಡನೆ ಊರಿಗೆ ಹೊರಡುತ್ತಾನೆ. ಅವನು ಬಾಲಕ, ಬಿಡಿಸಿಕೊಳ್ಳಲಾರ. ಆದರೆ ನೋಡುತ್ತಿರುವ ನಾವು ಬಾಲಕರಲ್ಲವಲ್ಲ! ಈ ಚಿತ್ರಕ್ಕೆ ಸ್ವರ್ಣಕಮಲ ಬಂತು. ಮುಂದೆ 'ತಬರನ ಕಥೆ', 'ತಾಯಿ ಸಾಹೇಬ', 'ದ್ವೀಪ' ಚಿತ್ರಗಳಿಗೂ ಅದೇ ಗೌರವ ದೊರೆಯಿತು.

ಇವುಗಳಲ್ಲಿ ನನ್ನನ್ನು ಹಿಡಿದು ಅಲುಗಿಸಿದ್ದು 'ತಬರನ ಕಥೆ'. ಪೂರ್ಣಚಂದ್ರ ತೇಜಸ್ವಿಯವರ ಕಥೆಯಿಂದ ಮಾಡಿದ ಈ ಚಿತ್ರದಲ್ಲಿ ತಬರಶೆಟ್ಟಿಯಾದ ಚಾರುಹಾಸನ್ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂತು. ಸರ್ಕಾರವನ್ನೇ ದೇವರೆಂದು ನಂಬಿ ದುಡಿದ ಕೆಳದರ್ಜೆಯ ನೌಕರ ತಬರ, ನಿವೃತ್ತಿಯಾದ ಮೇಲೆ ಪಿಂಚಣಿಗಾಗಿ ಅಲೆಯುತ್ತಾನೆ. ಹೆಂಡತಿಯ ಕಾಲು ಕೊಳೆಯುತ್ತಿದೆ, ಹಣ ಸಕಾಲಕ್ಕೆ ಬರುವುದಿಲ್ಲ, ಅವಳು ಸಾಯುತ್ತಾಳೆ. ಇಡೀ ಚಿತ್ರದಲ್ಲಿ ಖಳನಾಯಕನೆಂದು ಬೆರಳು ತೋರಿಸಲು ಒಬ್ಬನೂ ಇಲ್ಲ. ಇರುವವರು ಕಡತ ನೋಡುವವರು ಮಾತ್ರ.

ರಾಯಚೂರಿನಲ್ಲಿ ಈ ಚಿತ್ರ ನೋಡಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಆಗ ನಾನೂ ಒಂದು ಕಚೇರಿಯಲ್ಲಿ ಗುಮಾಸ್ತ. ದೇವದುರ್ಗದ ಕಡೆಯ ಹಳ್ಳಿಯೊಂದರಿಂದ ಒಬ್ಬ ಮುದುಕಿ, ತೀರಿಹೋದ ಗಂಡನ ಬಾಕಿ ಹಣಕ್ಕಾಗಿ ತಿಂಗಳುಗಟ್ಟಲೆ ನನ್ನ ಮೇಜಿನ ಮುಂದೆ ಬಂದು ನಿಲ್ಲುತ್ತಿದ್ದಳು. "ಮುಂದಿನ ವಾರ ಬಾರಮ್ಮ, ಸಾಹೇಬ್ರು ಟೂರಿನ್ಯಾಗ ಅದಾರ" ಎನ್ನುತ್ತಿದ್ದೆ. "ಆಗ್ಲಿ ಯಪ್ಪಾ" ಎಂದು ಆಕೆ ಹೊರಟುಹೋಗುತ್ತಿದ್ದಳು. ನಾನು ಲಂಚ ಕೇಳಿದವನಲ್ಲ, ಗದರಿಸಿದವನೂ ಅಲ್ಲ. ಆದ್ದರಿಂದ ನನ್ನನ್ನು ನಾನು ಒಳ್ಳೆಯವನೆಂದೇ ತಿಳಿದಿದ್ದೆ. ತಬರನಿಗೆ ಉತ್ತರ ಹೇಳುತ್ತಿದ್ದವರ ದನಿ ನನ್ನದೇ ಎಂದು ಆ ರಾತ್ರಿ ಗೊತ್ತಾಯಿತು.

ಮರುದಿನ ಕಡತವನ್ನು ತೆಗೆದು ನೋಡಿದರೆ, ಬೇಕಾಗಿದ್ದದ್ದು ಒಂದು ಟಿಪ್ಪಣಿ, ಒಂದು ರುಜು. ಅರ್ಧ ದಿನದ ಕೆಲಸ! ಹಣ ಮಂಜೂರಾದಾಗ ಆಕೆ ನನಗೆ ಕೈಮುಗಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಆ ಕೈಮುಗಿತವನ್ನು ಇಂದಿಗೂ ತಡೆದುಕೊಳ್ಳಲಾರೆ.

2002ರಲ್ಲಿ ಬಂದ 'ದ್ವೀಪ' ಈ ಪಾಠವನ್ನು ಇನ್ನಷ್ಟು ವಿಸ್ತರಿಸಿತು. ನಾ. ಡಿಸೋಜರ ಕಾದಂಬರಿಯಿಂದ ಮಾಡಿದ ಚಿತ್ರವದು. ಅಣೆಕಟ್ಟಿನ ಹಿನ್ನೀರು ಏರುತ್ತಿದ್ದರೂ ನೆಲ ಬಿಡದ ಒಂದು ಸಂಸಾರದ ಕಥೆ. ನಮ್ಮ ಮಾನ್ವಿಯ ಗದ್ದೆಗಳಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದಿದೆ. ಅದರಿಂದ ನಾವು ಅನ್ನ ಉಂಡಿದ್ದೇವೆ. ಆ ಜಲಾಶಯದ ತಳದಲ್ಲಿಯೂ ಹಳ್ಳಿಗಳು ಮುಳುಗಿವೆಯೆಂದು ನಾನು ಅದುವರೆಗೆ ಯೋಚಿಸಿರಲಿಲ್ಲ.

ಕಲೆ ಲೋಕವನ್ನು ತಿದ್ದೀತೇ ಎಂದು ಪಂಡಿತರು ಚರ್ಚಿಸುತ್ತಾರೆ. ನಾನು ಪಂಡಿತನಲ್ಲ. ಅದು ಒಬ್ಬ ಗುಮಾಸ್ತನ ಕೈಯಲ್ಲಿ ಒಂದು ಕಡತವನ್ನು ತೆಗೆಸಿತೆಂದು ಮಾತ್ರ ಬಲ್ಲೆ. ಆದರೆ ಆ ಕಪಾಟಿನಲ್ಲಿ ಇನ್ನೂ ಎಷ್ಟೋ ಕಡತಗಳಿದ್ದವು.