ನಮ್ಮವರೂ ಆದ ಸಭಾಪತಿ ಮೊದಲಿಯಾರರು



1885ನೆಯ ಇಸವಿ ಡಿಸೆಂಬರ್ 28ರಂದು ಮುಂಬಯಿಯ ಗೋಕುಲದಾಸ ತೇಜಪಾಲ ಸಂಸ್ಕೃತ ಪಾಠಶಾಲೆಯಲ್ಲಿ ಕಾಂಗ್ರೆಸ್ಸಿನ ಪ್ರಥಮಾಧಿವೇಶನವು ಕೂಡಿತು. ನೆರೆದ 72 ಪ್ರತಿನಿಧಿಗಳಲ್ಲಿ ಬಳ್ಳಾರಿಯ ವರ್ತಕರೂ ಪುರಸಭೆಯ ಅಧ್ಯಕ್ಷರೂ ಆಗಿದ್ದ ಎ. ಸಭಾಪತಿ ಮೊದಲಿಯಾರರು ಒಬ್ಬರು.

ಅವರು ಬಳ್ಳಾರಿಯವರು, ನಮಗೇನೆಂದು ಕೇಳುವವರುಂಟು. ಅಂದು ಆದವಾನಿ, ಆಲೂರುಗಳು ಬಳ್ಳಾರಿ ಜಿಲ್ಲೆಯ ತಾಲ್ಲೂಕುಗಳೇ ಆಗಿದ್ದುವು. ಇವು ಆಂಧ್ರಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಗುಂತಕಲ್ಲಿನಿಂದ ರಾಯಚೂರಿಗೆ, ಅಲ್ಲಿಂದ ಮುಂಬಯಿಗೆ ಹೋಗುವ ರೈಲುದಾರಿಯೂ ನಮ್ಮ ಆದವಾನಿಯ ಮೇಲೆಯೇ ಹಾಯುತ್ತದೆ. ಮೊದಲಿಯಾರ್ ಎಂಬುದು ತಮಿಳರ ಹೆಸರು ನಿಜ; ಆದರೆ ಅವರು ಅಂದು ಪ್ರತಿನಿಧಿಸಿದ್ದು ಕನ್ನಡ ತೆಲುಗುಗಳೆರಡನ್ನೂ ಆಡುವ ಈ ಸೀಮೆಯನ್ನು.

1876-78ರ ಬರವು ಈ ಜಿಲ್ಲೆಯನ್ನು ಹಿಂಡಿ ಹಿಪ್ಪೆ ಮಾಡಿ ಹತ್ತು ವರ್ಷವೂ ಆಗಿರಲಿಲ್ಲ. ಬರಗಾಲದಲ್ಲಿ ವರ್ತಕನೆಂದರೆ ಕಾಳು ಬಚ್ಚಿಟ್ಟವನೆಂಬ ಗುಮಾನಿ. ಅದು ಎಲ್ಲ ಕಾಲಕ್ಕೂ ಸುಳ್ಳಲ್ಲವೆನ್ನಿ! ಅಂತಹ ನಾಡಿನಿಂದ ವರ್ತಕರೊಬ್ಬರು ಹೊರಟು, ಸೈನ್ಯದ ವೆಚ್ಚ ತಗ್ಗಲಿ, ಶಾಸನಸಭೆಗಳಿಗೆ ಚುನಾಯಿತರು ಬರಲಿ ಎಂದು ನಿರ್ಣಯಿಸಿದ ಸಭೆಯಲ್ಲಿ ಕುಳಿತರು. ಸರ್ಕಾರದ ಕೃಪೆಯಿಂದ ನಡೆಯುವ ವ್ಯಾಪಾರವುಳ್ಳವನಿಗೆ ಇದು ಸಣ್ಣ ಧೈರ್ಯವಲ್ಲ.

ಮುಂದಿನ ವಾರ್ಷಿಕೋತ್ಸವದ ಭಾಷಣ ಸ್ಪರ್ಧೆಗೆ ಅವರ ಹೆಸರನ್ನೇ ವಿಷಯವಾಗಿ ಇಡಬೇಕೆಂದು ಸಂಘದ ಹಿರಿಯರಲ್ಲಿ ನನ್ನ ಬಿನ್ನಹ.